ಮರಳಲ್ಲಿ ಮಲಗುವ ಮೀನು: ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ರಾಸ್ ಸಾಕುವ ಬಗೆ

ಸಂಜೆ ಆರೂಮುಕ್ಕಾಲು. ಟ್ಯಾಂಕಿನ ಲೈಟು ಇನ್ನೂ ಆರಿಲ್ಲ, ಸ್ವಲ್ಪ ಮಂಕಾಗಿದೆ ಅಷ್ಟೇ. ನಮ್ಮನೆಯ ಹಳದಿ ರಾಸ್ ಎಡಗಡೆ ಮೂಲೆಗೆ ಬರುತ್ತದೆ. ಕಲ್ಲಿನ ಬುಡದಲ್ಲಿ ಎರಡು ಸುತ್ತು ಹಾಕುತ್ತದೆ. ಒಂದು ಕಣ್ಣು ನನ್ನ ಕಡೆ, ಇನ್ನೊಂದು ನೆಲದ ಕಡೆ. ಆಮೇಲೆ ತಲೆ ಕೆಳಗೆ ಮಾಡಿ ಒಂದೇ ಏಟಿಗೆ ಮರಳಿನೊಳಗೆ ಹೋಗಿಬಿಡುತ್ತದೆ. ಚೂರು ಮರಳು ಎದ್ದು ಮತ್ತೆ ಕೂರುತ್ತದೆ. ಅಲ್ಲೊಂದು ಮೀನಿತ್ತು ಅನ್ನುವುದಕ್ಕೆ ಗುರುತೇ ಇಲ್ಲ. ಬೆಳಿಗ್ಗೆ ಲೈಟು ಹತ್ತಿ ಅರ್ಧ ಗಂಟೆಗೆ ಅದೇ ಜಾಗದಿಂದ ಮೊದಲು ಮೂತಿ ಹೊರಗೆ ಬರುತ್ತದೆ.

ಕಾರವಾರದ ಕೋಡಿಬಾಗದ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷದಿಂದ ಇದನ್ನು ನೋಡುತ್ತಿದ್ದೇನೆ, ಇನ್ನೂ ಬೇಜಾರು ಬಂದಿಲ್ಲ. ಶಿರಸಿಗೆ ಫೋನ್ ಮಾಡಿ "ರಾಸ್ ಸಾಕ್ತಾ ಇದ್ದೆ" ಎಂದಾಗ ಆಯಿ ಕೇಳಿದ್ದು, "ಕೊಟ್ಟಿಗೆ ಎಲ್ಲಿದ್ದೋ ತಮಾ?" ರಾಸು ಅಂದರೆ ದನ ಅಲ್ವಾ, ಅವಳ ತಪ್ಪಿಲ್ಲ. ಈ ಮೀನಿಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಹೆಸರು ನನಗೆ ಸಿಕ್ಕಿಲ್ಲ. ಹಾಗಾಗಿ ರಾಸ್ ಎಂದೇ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಾಸ್ ಸಾಕುವವರು ಮೊದಲು ಹಾಸಿಗೆ ಹಾಸಬೇಕು, ಆಮೇಲೆ ಸೂರು ಮುಚ್ಚಬೇಕು, ಮೀನು ಕೊನೆಗೆ ತರಬೇಕು. ನಾನು ಇದನ್ನು ಪೂರ್ತಿ ಉಲ್ಟಾ ಮಾಡಿದ್ದೆ.

ಇದರಲ್ಲಿ ಅಂಥದ್ದೇನಿದೆ?

ರಾಸ್‌ಗಳದ್ದು ದೊಡ್ಡ ಮನೆತನ. ಲ್ಯಾಬ್ರಿಡೇ ಅನ್ನುವ ಈ ಕುಟುಂಬದಲ್ಲಿ 500ಕ್ಕೂ ಜಾಸ್ತಿ ಜಾತಿಗಳಿವೆ. ಬೆರಳುದ್ದದವೂ ಇವೆ, 2 ಮೀಟರ್ ಹತ್ತಿರ ಬೆಳೆಯುವ ನೆಪೋಲಿಯನ್ ರಾಸ್ ಕೂಡ ಇದೇ ಮನೆಯದ್ದು. ಅದು ಅಳಿವಿನ ಅಂಚಿನಲ್ಲಿದೆ. ಅದರ ವ್ಯಾಪಾರಕ್ಕೆ 2004ರಲ್ಲಿ ಸೈಟ್ಸ್ ಎಂಬ ಅಂತಾರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಕಡಿವಾಣ ಬಿತ್ತು. ಮನೆಯಲ್ಲಿ ಸಾಕುವ ಮಾತೇ ಇಲ್ಲ.

ನಮ್ಮ ಕಡೆ ಕಡಲಲ್ಲಿ ರಾಸ್ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ನಾನು ಮೊದಲು ರಾಸ್ ನೋಡಿದ್ದು ಅಲ್ಲೇ, ಡೈವಿಂಗ್ ಕಲಿಯಲು ಹೋದಾಗ. ಬಂಡೆಯ ಬದಿಯಲ್ಲಿ ಹಸಿರು ನೀಲಿ ಬಣ್ಣದ ಮೀನೊಂದು, ಬಾಲದ ನಡುವೆ ಹಳದಿ ಚಂದ್ರನ ಕೊರೆ. ಮೂನ್ ರಾಸ್. ಅದು ಈಜುತ್ತಿದ್ದ ರೀತಿ ನೋಡಿ ನಗು ಬಂತು. ಬೇರೆ ಮೀನುಗಳ ಹಾಗೆ ಬಾಲ ಬಡಿಯುವುದಿಲ್ಲ. ಎದೆಯ ಎರಡು ರೆಕ್ಕೆಗಳನ್ನು ಪಾತಿ ದೋಣಿಯ ಹುಟ್ಟಿನ ಹಾಗೆ ಹಾಕುತ್ತಾ ಹೋಗುತ್ತದೆ. ಓಡಿಹೋಗುವ ಗಡಿಬಿಡಿ ಬಂದಾಗ ಮಾತ್ರ ಬಾಲ.

ಬಣ್ಣಕ್ಕಿಂತ ನನಗೆ ಹಿಡಿಸಿದ್ದು ಇದರ ಕುತೂಹಲ. ಕಲ್ಲಿನ ಪ್ರತಿ ಸಂದಿಗೂ ಇಣುಕುತ್ತದೆ. ಎರಡು ಕಣ್ಣು ಬೇರೆ ಬೇರೆ ಕಡೆ ತಿರುಗುತ್ತವೆ. ಮುಂದೆ ಚೂಪು ಹಲ್ಲು, ಗಂಟಲೊಳಗೆ ಇನ್ನೊಂದು ಜೊತೆ ದವಡೆ. ಚಿಪ್ಪು ಪುಡಿ ಮಾಡುವುದು ಆ ಒಳದವಡೆ.

ಮೊದಲು ಯಾವುದನ್ನು ತರಬೇಕು

ಕ್ಯಾನರಿ ರಾಸ್. ಅಂಗಡಿಗಳಲ್ಲಿ ಯೆಲ್ಲೋ ಕೋರಿಸ್ ಎಂದೂ ಕರೆಯುತ್ತಾರೆ. ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ, ಸಾಧು, ತಿನ್ನುವುದಕ್ಕೆ ಹಟ ಮಾಡುವುದಿಲ್ಲ. ಅದರ ನೆಂಟ ಮೆಲನೂರಸ್ ಇನ್ನೂ ಚೆಂದ. ಹಸಿರು ಮೈಮೇಲೆ ಕಿತ್ತಳೆ ಗೆರೆ. ಇವೆರಡೂ ಮರಳಲ್ಲಿ ಮಲಗುವ ಪೈಕಿ. ಹಗಲಿಡೀ ಕಲ್ಲಿನ ಮೇಲಿನ ಚಪ್ಪಟೆ ಹುಳ, ಪೀಡೆಯಾಗುವ ಪುಟ್ಟ ಶಂಖದ ಹುಳ ಎಲ್ಲ ಹೆಕ್ಕಿ ತಿನ್ನುತ್ತವೆ. ರೀಫ್ ಟ್ಯಾಂಕ್, ಅಂದರೆ ಹವಳವೂ ಇರುವ ಟ್ಯಾಂಕ್ ಇಟ್ಟವರು ಇವನ್ನು ಬಯಸುವುದು ಅದಕ್ಕೂ ಹೌದು.

ಫೇರಿ ರಾಸ್ ಮತ್ತು ಫ್ಲಾಷರ್ ರಾಸ್ ಬೇರೆ ಪಂಗಡ. ಇವುಗಳಿಗೆ ಮರಳು ಬೇಡ, ಕಲ್ಲಿನ ಸಂದಿಯಲ್ಲಿ ಮಲಗುತ್ತವೆ. ರಾತ್ರಿ ಮೈಸುತ್ತ ಲೋಳೆಯ ಗೂಡು ಕಟ್ಟಿಕೊಳ್ಳುತ್ತವೆ. ಬೆಳಿಗ್ಗೆ ಆ ಗೂಡು ಬಲೂನಿನ ಸಿಪ್ಪೆಯಂತೆ ತೇಲುತ್ತಿರುತ್ತದೆ. ಮೊದಲ ಸಲ ನೋಡಿದಾಗ ಮೀನಿನ ಚರ್ಮವೇ ಸುಲಿದು ಬಂತು ಎಂದು ಹೆದರಿದ್ದೆ. ಫ್ಲಾಷರ್ ಗಂಡು ಸಂಜೆ ಹೊತ್ತಿಗೆ ರೆಕ್ಕೆಯೆಲ್ಲ ಬಿಚ್ಚಿ ಹೆಣ್ಣುಗಳ ಮುಂದೆ ಮಿಂಚಿನ ಹಾಗೆ ಓಡುತ್ತದೆ. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದ ಹಾಗೆ. ಐದು ನಿಮಿಷ ಅಷ್ಟೇ, ಆಮೇಲೆ ಮತ್ತೆ ಸಾಮಾನ್ಯ ಮೀನು.

ಸಿಕ್ಸ್‌ಲೈನ್ ರಾಸ್ ಚಿಕ್ಕದು, ಚೆಂದ, ಎಲ್ಲ ಕಡೆ ಸಿಗುತ್ತದೆ. ಆದರೆ ವರ್ಷ ತುಂಬುವುದರೊಳಗೆ ಗೂಂಡಾ ಆಗುತ್ತದೆ. ಆಮೇಲೆ ತಂದ ಸಾಧು ಮೀನನ್ನು ಮೂಲೆಗೆ ಒತ್ತಿ ಉಪವಾಸ ಕೆಡವುತ್ತದೆ. ತರಲೇಬೇಕೆಂದರೆ ಎಲ್ಲರಿಗಿಂತ ಕೊನೆಗೆ ತನ್ನಿ.

ಕೆಲವನ್ನು ಮುಟ್ಟಬೇಡಿ. ಕೆಂಪು ಮೈ, ಬೆನ್ನ ಮೇಲೆ ಬಿಳಿ ಪಟ್ಟೆ ಇರುವ ಪುಟ್ಟ ಮರಿಯೊಂದು ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ. ಅದು ಕೋರಿಸ್ ಗೈಮಾರ್ಡ್. ಬೆಳೆದರೆ ಒಂದಡಿ ದಾಟುತ್ತದೆ, ಕಲ್ಲು ಮಗುಚಿ ಹಾಕುತ್ತದೆ. ಲೆಪರ್ಡ್ ರಾಸ್ ಕಲ್ಲು ಮರಳಿನಲ್ಲಿರುವ ಸೂಕ್ಷ್ಮ ಜೀವಿಗಳನ್ನೇ ಹುಡುಕಿ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಹಸಿದು ಸಾಯುತ್ತದೆ. ಇನ್ನೊಂದು ಕ್ಲೀನರ್ ರಾಸ್. ಕಡಲಲ್ಲಿ ಬೇರೆ ಮೀನುಗಳ ಮೈಮೇಲಿನ ಹೇನು ತಿಂದು ಬದುಕುವ ಮೀನು ಅದು. ಕನ್ನಡಿಯಲ್ಲಿ ತನ್ನ ಗಂಟಲ ಮೇಲಿನ ಕಲೆ ಕಂಡು ಅದನ್ನು ಉಜ್ಜಿ ತೆಗೆಯಲು ನೋಡಿತು ಎಂದು 2019ರಲ್ಲಿ ಜಪಾನಿನ ವಿಜ್ಞಾನಿಗಳು ಬರೆದಿದ್ದಾರೆ. ಅಷ್ಟು ಜಾಣ. ಮನೆಯ ಟ್ಯಾಂಕಿನಲ್ಲಿ ಮಾತ್ರ ಬಹಳಷ್ಟು ಸಲ ಹೊಟ್ಟೆಗಿಲ್ಲದೆ ಹೋಗಿಬಿಡುತ್ತದೆ. ಕಡಲಲ್ಲೇ ಇರಲಿ.

ಹಾಸಿಗೆ

ಟ್ಯಾಂಕ್ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇರಲಿ. ಸುಮಾರು 250 ಲೀಟರ್ ಆಗುತ್ತದೆ. ಎತ್ತರಕ್ಕಿಂತ ಉದ್ದ ಮುಖ್ಯ, ಯಾಕೆಂದರೆ ರಾಸ್ ದಿನವಿಡೀ ಓಡಾಡುವ ಮೀನು. ನೀರು, ಮರಳು, ಕಲ್ಲು, ಗಾಜು, ಸ್ಟ್ಯಾಂಡ್ ಎಲ್ಲ ಸೇರಿ ನಾಲ್ಕು ಕ್ವಿಂಟಲ್ ಹತ್ತಿರ ಬರುತ್ತದೆ. ನೆಲಮಹಡಿಯಲ್ಲಿ ಇಡುವುದು ಒಳ್ಳೆಯದು. ಮನೆ ಮಾಲೀಕರಿಗೆ ಮೊದಲೇ ಹೇಳಿ.

ಮರಳು 6 ಸೆಂಟಿಮೀಟರ್ ದಪ್ಪ ಬೇಕು. ಈ ಅಳತೆಯ ಟ್ಯಾಂಕಿಗೆ 45ರಿಂದ 50 ಕೆಜಿ. ಕಾಳು ಸಣ್ಣ ರವೆಯಷ್ಟು, ಅಂದರೆ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್. ಅಕ್ವೇರಿಯಂ ಅಂಗಡಿಯ ಅರಾಗನೈಟ್ ಮರಳು ಸರಿಹೋಗುತ್ತದೆ. ದಪ್ಪ ಹರಳು ಹಾಕಿದರೆ ಮೀನು ನುಗ್ಗುವಾಗ ಮೂತಿ, ಮೈ ಕೆರೆದುಕೊಳ್ಳುತ್ತದೆ. ಆ ಗಾಯ ಕೊಳೆತು ಸಾಯುತ್ತದೆ. ನನ್ನ ಮೊದಲ ಮೆಲನೂರಸ್ ಹೋಗಿದ್ದು ಹಾಗೇ. "ಇದೇ ಸಾಕು ಸಾರ್" ಎಂದು ಅಂಗಡಿಯವನು ಕೊಟ್ಟಿದ್ದು ಕಡಲೆಬೇಳೆ ಗಾತ್ರದ ಹರಳು. ನಾನೂ ಸುಮ್ನೆ ತಂದು ಸುರಿದಿದ್ದೆ.

ಎದುರಿಗೇ ಟಾಗೋರ್ ಬೀಚ್ ಇದೆಯಲ್ಲ, ಎರಡು ಚೀಲ ಮರಳು ತಂದರಾಯಿತು ಅನ್ನಿಸಬಹುದು. ಬೇಡ. ದಡದ ಮರಳು ತುಂಬುವುದಕ್ಕೆ ಕಾನೂನೂ ಬಿಡುವುದಿಲ್ಲ, ಅದರ ಜೊತೆ ಏನೇನು ಕೊಳೆ ಬರುತ್ತದೋ ಹೇಳಲಾಗದು.

ಕಲ್ಲಿನ ವಿಷಯ ಇನ್ನೂ ಗಂಭೀರ. ಕಲ್ಲು ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ನೇತ್ರಾಣಿಯಿಂದ ಸತ್ತ ಹವಳದ ಚೂರು ಕೂಡ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. ವಿದೇಶದ ವೀಡಿಯೋಗಳಲ್ಲಿ ತೋರಿಸುವ ಲೈವ್ ರಾಕ್, ಅಂದರೆ ಜೀವಿಗಳ ಸಮೇತ ಕಡಲಿನಿಂದ ತೆಗೆದ ಹವಳದ ಕಲ್ಲಿನ ಆಸೆ ಬಿಟ್ಟುಬಿಡಿ. ನನ್ನದು ಪೂರ್ತಿ ಸೆರಾಮಿಕ್ ಕಲ್ಲು. ಆರು ತಿಂಗಳಲ್ಲಿ ಅದರ ಮೇಲೆ ನೇರಳೆ ಪಾಚಿ ಹಬ್ಬಿತು, ಈಗ ಯಾರೂ ಗುರುತು ಹಿಡಿಯುವುದಿಲ್ಲ. ಕಲ್ಲನ್ನು ಮರಳಿನ ಮೇಲೆ ಇಡಬೇಡಿ. ಮೊದಲು ಗಾಜಿನ ತಳದ ಮೇಲೆ ಕಲ್ಲು ಜೋಡಿಸಿ, ಆಮೇಲೆ ಸುತ್ತ ಮರಳು ಹಾಕಿ. ಇಲ್ಲವೆಂದರೆ ರಾಸ್ ಅಡಿಯಲ್ಲಿ ತೋಡಿ ಕಲ್ಲು ಕುಸಿಯುತ್ತದೆ.

ಸೂರು

ಎಲ್ಲ ರಾಸ್‌ಗಳೂ ಹಾರುತ್ತವೆ. ಕೆಲವು ಹಾರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಮೀನು ಇನ್ನೂ ಹಾರಿಲ್ಲ ಅಷ್ಟೇ. ನಾನು ಮುಕ್ಕಾಲು ಟ್ಯಾಂಕಿಗೆ ಗಾಜು ಮುಚ್ಚಿ, ಪೈಪು ಇಳಿಯಲು ಹಿಂದೆ ಅಂಗೈ ಅಗಲದ ಜಾಗ ಬಿಟ್ಟಿದ್ದೆ. ಫೇರಿ ರಾಸ್ ಒಂದು ರಾತ್ರಿ ಸರಿಯಾಗಿ ಅದರಲ್ಲೇ ಹೊರಗೆ ಬಿತ್ತು. ಬೆಳಿಗ್ಗೆ ಸ್ಟ್ಯಾಂಡಿನ ಹಿಂದೆ ಸಿಕ್ಕಾಗ ಸಂತೆಯ ಒಣಮೀನಿನ ಹಾಗೆ ಗಟ್ಟಿಯಾಗಿತ್ತು. ಬಣ್ಣ ಮಾತ್ರ ಇನ್ನೂ ಹಾಗೇ ಇತ್ತು.

ಪೂರ್ತಿ ಗಾಜು ಮುಚ್ಚಿದರೆ ಬಿಸಿ ಹೊರಗೆ ಹೋಗುವುದಿಲ್ಲ, ಗಾಳಿಯೂ ಆಡುವುದಿಲ್ಲ. ಬಲೆಯೇ ಸರಿ. ಕಿಟಕಿಗೆ ಸೊಳ್ಳೆ ಪರದೆ ಹಾಕಿಕೊಡುವವರ ಹತ್ತಿರ ಟ್ಯಾಂಕಿನ ಬಾಯಿ ಅಳತೆಗೆ ಅಲ್ಯುಮಿನಿಯಂ ಫ್ರೇಮ್ ಮಾಡಿಸಿ. ಬಣ್ಣ ಹಚ್ಚಿದ ಫ್ರೇಮೇ ಆಗಬೇಕು, ಇಲ್ಲದಿದ್ದರೆ ಉಪ್ಪು ತಿಂದುಹಾಕುತ್ತದೆ. ಆದರೆ ಸೊಳ್ಳೆ ಪರದೆಯನ್ನೇ ಹಾಕಬೇಡಿ. ಅದರ ಕಣ್ಣು ಸಣ್ಣದು, ಉಪ್ಪು ಕಟ್ಟಿ ಮುಚ್ಚಿಹೋಗುತ್ತದೆ, ಬೆಳಕೂ ಇಳಿಯುವುದಿಲ್ಲ. 6 ಮಿಲಿಮೀಟರ್ ಕಣ್ಣಿನ ಬಿಳಿ ನೈಲಾನ್ ಬಲೆ ಬೇಕು. ನನಗೆ ಸಿಕ್ಕಿದ್ದು ಬೈತಖೋಲ ಬಂದರಿನಲ್ಲಿ. ಬಲೆ ರಿಪೇರಿ ಮಾಡುತ್ತಿದ್ದ ಅಜ್ಜ ಒಂದು ತುಂಡು ಕತ್ತರಿಸಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. "ಮೀನು ಒಳಗೇ ಇರಲಿ ಅಂತ ಬಲೆಯಾ?" ಎಂದು ಪಕ್ಕದವರಿಗೆಲ್ಲ ಹೇಳಿ ನಕ್ಕರು. ಪೈಪು, ವೈರು ಹೋಗುವ ಕಡೆ ಬಲೆಯನ್ನು ಅಷ್ಟೇ ಅಗಲಕ್ಕೆ ಕತ್ತರಿಸಿ. ಬೆರಳು ತೂರುವ ಜಾಗವಿದ್ದರೆ ಮೀನೂ ತೂರುತ್ತದೆ.

ನೀರು

ಕಡಲ ಪಕ್ಕ ಇದ್ದೂ ಉಪ್ಪು ಕೊಂಡು ನೀರು ಕಲಸುತ್ತೀರಾ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಮೊದಲ ವರ್ಷ ಕ್ಯಾನಿನಲ್ಲಿ ಕಡಲ ನೀರು ಹೊತ್ತು ತಂದೆ. ಫೆಬ್ರವರಿಯಲ್ಲಿ ಚೆನ್ನಾಗಿಯೇ ನಡೆಯಿತು. ಜುಲೈಯಲ್ಲಿ ತಂದ ನೀರಿಗೆ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿದರೆ ಸಾಂದ್ರತೆ 1.016. ಬೇಕಾಗಿದ್ದು 1.025. ಮಳೆಗಾಲದಲ್ಲಿ ಕಾಳಿ ನದಿ ಘಟ್ಟದ ಕೆಂಪು ನೀರನ್ನೆಲ್ಲ ಇಲ್ಲೇ ತಂದು ಸುರಿಯುತ್ತದೆ, ದಡದ ನೀರು ಅರೆ ಸಿಹಿಯಾಗುತ್ತದೆ. ಬಂದರಿನ ಹತ್ತಿರವಾದರೆ ಡೀಸೆಲ್ ಬೇರೆ. ಅಂದಿನಿಂದ ಕಡಲ ನೀರು ಬಿಟ್ಟೆ.

ಈಗ ಮಾಡುವುದಿಷ್ಟು. ಆರ್‌ಒ ಫಿಲ್ಟರಿನ ನೀರಿಗೆ ಕೊನೆಯಲ್ಲಿ ಉಳಿದ ಲವಣ ಹೀರುವ ಡಿಐ ಕಾರ್ಟ್ರಿಡ್ಜ್ ಹಾಕಿ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, ಸೊನ್ನೆಗೆ ತರುತ್ತೇನೆ. ಒಂದು ಲೀಟರಿಗೆ ಸುಮಾರು 36 ಗ್ರಾಂ ಅಕ್ವೇರಿಯಂ ಉಪ್ಪು. ಡ್ರಮ್ಮಿನಲ್ಲಿ ಪಂಪು ಹಾಕಿ ಒಂದು ದಿನ ಕಲಕಲು ಬಿಡುತ್ತೇನೆ. ಮಳೆನೀರು ಹಿಡಿದರೆ ಹೇಗೆ ಅನ್ನುವ ಯೋಚನೆ ನನಗೂ ಬಂದಿತ್ತು. ಇಲ್ಲಿ ಸುರಿಯುವ ಮಳೆಗೆ ಬರಬೇಕಾದ್ದೇ. ಆದರೆ ಹಂಚಿನ ಮೇಲಿನ ಪಾಚಿ, ಕಾಗೆ ಹಿಕ್ಕೆ ಎಲ್ಲ ಜೊತೆಗೇ ಇಳಿಯುತ್ತವೆ. ಗಿಡಕ್ಕೆ ಸರಿ, ಮೀನಿಗಲ್ಲ.

ಬಿಸಿ 24ರಿಂದ 27 ಡಿಗ್ರಿ ಒಳಗಿರಬೇಕು. ಏಪ್ರಿಲ್, ಮೇಯಲ್ಲಿ ನಮ್ಮ ಟ್ಯಾಂಕ್ 31 ದಾಟುತ್ತಿತ್ತು. ನೀರಿನ ಮೇಲೆ ಫ್ಯಾನ್ ಬೀಸಿದರೆ ನೀರು ಆವಿಯಾಗಿ ತಂಪಾಗುತ್ತದೆ ಅನ್ನುವುದು ನಿಜ. ಬೆಂಗಳೂರಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಗಾಳಿಯೇ ಒದ್ದೆ ಬಟ್ಟೆಯ ಹಾಗಿರುವಾಗ ಆವಿ ಎಲ್ಲಿಗೆ ಹೋಗಬೇಕು? ಒಂದೂವರೆ ಡಿಗ್ರಿ ಇಳಿಯಿತು, ಅಷ್ಟೇ. ಕರಾವಳಿಯಲ್ಲಿ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಬೇಕೇ ಬೇಕು. ಅದಕ್ಕೆ ದುಡ್ಡು ಜೋಡಿಸಿಕೊಂಡೇ ಟ್ಯಾಂಕಿಗೆ ಕೈಹಾಕಿ. ಶಿರಸಿಯವರಿಗೆ ಈ ತಲೆನೋವು ಕಡಿಮೆ.

ನೀರು ತುಂಬಿದ ಮೇಲೆ ಮೀನಿಲ್ಲದೆ ನಾಲ್ಕರಿಂದ ಆರು ವಾರ ಟ್ಯಾಂಕ್ ಓಡಬೇಕು. ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲು ಮರಳಿನಲ್ಲಿ ನೆಲೆಯೂರಲು ಅಷ್ಟು ಹೊತ್ತು ಬೇಕು. ಬಾಟಲಿಯ ಅಮೋನಿಯಾ ಚೂರು ಹಾಕಿ, ಟೆಸ್ಟ್ ಕಿಟ್ ಹಿಡಿದು ನೋಡುತ್ತಿರಿ. ಹಾಕಿದ ಅಮೋನಿಯಾ ಒಂದು ದಿನದಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ಇದ್ದರೆ ಟ್ಯಾಂಕ್ ತಯಾರು. ನೈಟ್ರೇಟ್ ಜಾಸ್ತಿ ಇದ್ದರೆ ಅರ್ಧ ನೀರು ಬದಲಿಸಿ.

ಮೀನು ತರುವುದು

ಕಾರವಾರದಲ್ಲಿ ಕಡಲ ಮೀನಿನ ಅಂಗಡಿ ನಾನು ಕಂಡಿಲ್ಲ, ತಿನ್ನುವ ಮೀನಿನದ್ದು ಬಿಟ್ಟರೆ. ಬೆಂಗಳೂರಿನಿಂದಲೋ ಮುಂಬೈಯಿಂದಲೋ ತರಿಸಬೇಕು. ಆಗುವುದಾದರೆ ನೀವೇ ಹೋಗಿ ನೋಡಿ. ನಿಮ್ಮೆದುರು ತಿನ್ನಬೇಕು. ತಲೆಯ ಹಿಂದೆ ಬೆನ್ನು ಕುಗ್ಗಿರಬಾರದು, ಹೊಟ್ಟೆ ಒಳಗೆ ಹೋಗಿರಬಾರದು. ಮುಖ್ಯವಾಗಿ ಮೂತಿ ನೋಡಿ. ಬರಿ ಗಾಜಿನ ತೊಟ್ಟಿಯಲ್ಲಿ ಇಟ್ಟಾಗ ರಾಸ್ ಹೆದರಿ ನೆಲಕ್ಕೆ ನುಗ್ಗಲು ನೋಡಿ ತುಟಿ ಒಡೆದುಕೊಳ್ಳುತ್ತದೆ.

ಮನೆಗೆ ತಂದ ಕೂಡಲೇ ದೊಡ್ಡ ಟ್ಯಾಂಕಿಗೆ ಬಿಡಬೇಡಿ. ಬೇರೊಂದು 60 ಲೀಟರಿನ ತೊಟ್ಟಿಯಲ್ಲಿ ಒಂದು ತಿಂಗಳು ಇಡಿ. ರಾಸ್‌ಗಳ ಮೈಮೇಲೆ, ಕಿವಿರಿನಲ್ಲಿ ಫ್ಲೂಕ್ ಅನ್ನುವ ಹುಳ ಬರುವುದು ಸಾಮಾನ್ಯ. ಅದಕ್ಕೆ ಪ್ರಾಜಿಕ್ವಾಂಟೆಲ್ ಕೊಡುತ್ತಾರೆ. ಈ ತೊಟ್ಟಿಯಲ್ಲೂ ಹಾಸಿಗೆ ಬೇಕು. ಊಟದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಳು ತುಂಬಿ ಇಟ್ಟರೆ ಸಾಕು, ರಾತ್ರಿ ಅದರೊಳಗೇ ಹೋಗಿ ಮಲಗುತ್ತದೆ.

ಪ್ಯಾಕೆಟ್ಟನ್ನು ಮೊದಲು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಡಿ. ರಾತ್ರಿ ಬಸ್ಸಿನಲ್ಲಿ ಹನ್ನೆರಡು ತಾಸು ಕಳೆದು ಬಂದ ಪ್ಯಾಕೆಟ್ಟಿನ ನೀರಿನಲ್ಲಿ ಅಮೋನಿಯಾ ತುಂಬಿರುತ್ತದೆ. ಬಾಯಿ ಬಿಚ್ಚಿ ಗಾಳಿ ತಾಗಿದೊಡನೆ ಪಿಎಚ್ ಏರಿ ಅದು ವಿಷವಾಗುತ್ತದೆ. ಹಾಗಾಗಿ ಗಂಟೆಗಟ್ಟಲೆ ಹನಿ ನೀರು ಬಿಡುತ್ತಾ ಕೂರಬೇಡಿ. ಅಂಗಡಿಯವರ ಹತ್ತಿರ ಅವರ ನೀರಿನ ಉಪ್ಪು ಎಷ್ಟು ಎಂದು ಮೊದಲೇ ಕೇಳಿ, ಸಣ್ಣ ತೊಟ್ಟಿಯನ್ನು ಅಷ್ಟಕ್ಕೇ ತಂದಿಡಿ. ಪ್ಯಾಕೆಟ್ ಬಿಚ್ಚಿ, ಮೀನನ್ನಷ್ಟೇ ಎತ್ತಿ ಬಿಡಿ. ಆಮೇಲೆ ಮೂರ್ನಾಲ್ಕು ದಿನದಲ್ಲಿ ನಿಧಾನ ಉಪ್ಪು ಏರಿಸಿ.

ಬಿಟ್ಟ ಕೂಡಲೇ ಮೀನು ಮಾಯವಾಗುತ್ತದೆ. ಮೂರು ದಿನ, ಕೆಲವೊಮ್ಮೆ ವಾರ. ಅದು ಹುಟ್ಟಿದ ಕಡಲಿನ ಹಗಲು ರಾತ್ರಿ ಅದರ ಮೈಯಲ್ಲಿ ಇನ್ನೂ ಓಡುತ್ತಿರುತ್ತದೆ. ಹೆದರಿ ಕೆದಕಬೇಡಿ. ನಾನು ಮೂರನೇ ದಿನ ತಡೆಯಲಾರದೆ ಸ್ಕೇಲಿನಿಂದ ಮರಳು ಕೆದಕಿದೆ. ಮೀನು ಚಿಮ್ಮಿ ಗಾಜಿಗೆ ಬಡಿದು ಮತ್ತೆ ಒಳಗೆ ಹೋಯಿತು. ಇನ್ನೂ ನಾಲ್ಕು ದಿನ ಮುಖ ತೋರಿಸಲಿಲ್ಲ.

ಊಟ

ರಾಸ್ ಒಂದು ಹೊತ್ತಿನ ಊಟದ ಮೀನಲ್ಲ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಫ್ರೀಜ್ ಮಾಡಿದ ಮೈಸಿಸ್ ಎಂಬ ಸಿಗಡಿಯಂಥ ಪುಟ್ಟ ಜೀವಿ ಒಳ್ಳೆಯದು. ನಮಗೆ ಅದಕ್ಕಿಂತ ಸುಲಭದ್ದು ಪೇಟೆಯಲ್ಲೇ ಇದೆ. ತಾಜಾ ಶೆಟ್ಲಿ, ಅಂದರೆ ಸಿಗಡಿ ತಂದು ಸುಲಿದು, ಅಕ್ಕಿಕಾಳಿನಷ್ಟು ಸಣ್ಣಗೆ ಕೊಚ್ಚಿ, ತೊಳೆದು, ಐಸ್ ಟ್ರೇಯಲ್ಲಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಬಳಚು ಬಾಯಿ ಬಿಡಿಸಿ ಚಿಪ್ಪಿನ ಸಮೇತ ಇಳಿಸುತ್ತೇನೆ. ಕಾರವಾರ ಪೇಟೆಯಲ್ಲಿ ತಿಸ್ರೆ ಎಂದು ಕೇಳಬೇಕು. ಹಳದಿ ಮೀನು ಮಾಂಸದ ಎಳೆ ಕಚ್ಚಿ, ತಲೆ ಆಚೆ ಈಚೆ ಝಾಡಿಸಿ ಕಿತ್ತು ತಿನ್ನುವುದು ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಶೆಟ್ಲಿ ರೇಟು ಏರುತ್ತದೆ. ಮೇ ಕೊನೆಯಲ್ಲೇ ಎರಡು ತಿಂಗಳಿಗಾಗುವಷ್ಟು ಕೊಚ್ಚಿ ಇಡಿ.

ನಮ್ಮದು ಮೀನು ತಿನ್ನದ ಮನೆ. ಆಯಿ ಬಂದಾಗ ಫ್ರಿಜ್ಜಿನ ಮೇಲ್ಖಾನೆ ತೆರೆದು ಟ್ರೇ ನೋಡಿ ಅರ್ಧ ದಿನ ಮಾತಾಡಲಿಲ್ಲ. ಈಗ ಹಾಲ್‌ನಲ್ಲಿ ಮೀನಿಗೇ ಬೇರೆ ಒಂದು ಸಣ್ಣ ಫ್ರೀಜರ್ ಇದೆ.

ಜೊತೆಗಾರರು

ಒಟ್ಟಿಗೆ ತಂದ ಸಣ್ಣ ಹೆಣ್ಣುಗಳನ್ನು ಬಿಟ್ಟರೆ, ನೋಡಲು ಒಂದೇ ಥರ ಇರುವ ಎರಡು ರಾಸ್ ಬೇಡ. ಒಂದು ಕ್ಯಾನರಿ, ಒಂದು ಫೇರಿ, ಹೀಗೆ ಬೇರೆ ಬೇರೆ ಪಂಗಡದವು ಹೊಂದಿಕೊಳ್ಳುತ್ತವೆ. ಸಾಧು ಮೀನು ಮೊದಲು, ಜೋರಿನದು ಕೊನೆಗೆ. ಹೊಸಬರನ್ನು ತೂತಿರುವ ಪಾರದರ್ಶಕ ಡಬ್ಬಿಯಲ್ಲಿ ನಾಲ್ಕೈದು ದಿನ ಟ್ಯಾಂಕಿನೊಳಗೇ ಇಟ್ಟರೆ ಹಳಬರ ಸಿಟ್ಟು ಇಳಿಯುತ್ತದೆ. ಸಾಕಿದ ಪುಟ್ಟ ಶೆಟ್ಲಿ, ಪುಟ್ಟ ಶಂಖದ ಹುಳ ಮಾತ್ರ ಇವುಗಳ ಜೊತೆ ಉಳಿಯುವುದು ಅನುಮಾನ.

ಕರೆಂಟಿನ ಬಗ್ಗೆ ಒಂದು ಮಾತು. ಕೈಗಾದಲ್ಲಿ ಅಣುವಿದ್ಯುತ್ ಹುಟ್ಟುತ್ತದೆ, ನಮ್ಮದೇ ಜಿಲ್ಲೆ. ಆದರೂ ಜೂನ್ ಗಾಳಿಗೆ ಮರ ಬಿದ್ದರೆ ಆರೇಳು ಗಂಟೆ ಕತ್ತಲೆ. ಇನ್ವರ್ಟರಿಗೆ ಚಿಲ್ಲರ್ ಕೊಡಬೇಡಿ, ನೀರು ಅಲುಗಿಸುವ ವೇವ್‌ಮೇಕರ್ ಪಂಪು ಒಂದೇ ಕೊಡಿ. ನೀರಿನ ಮೇಲ್ಮೈ ಅಲುಗುತ್ತಿದ್ದರೆ ಆಮ್ಲಜನಕ ಸಿಗುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಂಡಿರಿ.

ಕೊನೆಗೆ ದುಡ್ಡು ಉಳಿಸುವ ವಿಷಯ. ಬಣ್ಣ ತುಂಬಿದ ಗಂಡಿಗೆ ರೇಟು ಜಾಸ್ತಿ. ಆದರೆ ರಾಸ್‌ಗಳಲ್ಲಿ ಬಹಳಷ್ಟು ಹೆಣ್ಣಾಗಿ ಹುಟ್ಟಿ ಆಮೇಲೆ ಗಂಡಾಗುತ್ತವೆ. ಗುಂಪಿನ ಗಂಡು ಹೋದರೆ ದೊಡ್ಡ ಹೆಣ್ಣು ಆ ಜಾಗಕ್ಕೆ ಬರುತ್ತದೆ. ಹಾಗಾಗಿ ಫೇರಿ ಜಾತಿಯ ಮೂರು ಸಣ್ಣ ಹೆಣ್ಣು ಒಟ್ಟಿಗೆ ತನ್ನಿ, ಕಾಯಿರಿ. ಹಾರಿಹೋದ ಗಂಡಿನ ಜಾಗಕ್ಕೆ ನಾನು ತಂದಿದ್ದೂ ಹಾಗೇ. ಮೂರರಲ್ಲಿ ದೊಡ್ಡದು ಹೋದ ತಿಂಗಳಿನಿಂದ ಉಳಿದೆರಡನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಬೆನ್ನಿನ ರೆಕ್ಕೆಯ ಅಂಚಿನಲ್ಲಿ ಮೊನ್ನೆಯಿಂದ ಒಂದು ನೀಲಿ ಗೆರೆ ಕಾಣುತ್ತಿದೆ. ಲೈಟಿನ ಭ್ರಮೆಯೋ ಏನೋ ಎಂದು ದಿನಾ ಸಂಜೆ ಕುರ್ಚಿ ಎಳೆದುಕೊಂಡು ನೋಡುತ್ತಿದ್ದೇನೆ.